ಆರು ವಾರದಲ್ಲಿ ಬಂದ ಮರೆವು ಅರವತ್ತರ ಮರೆವಲ್ಲ

ಓದುಗರ ಪ್ರಶ್ನೆ, ತಜ್ಞರ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಲಿಂಬಿಕ್ ಎನ್ಸೆಫಲೈಟಿಸ್‌ಗೆ, ಅಂದರೆ ನೆನಪು ಮತ್ತು ಭಾವನೆಗಳನ್ನು ನೋಡಿಕೊಳ್ಳುವ ಮೆದುಳಿನ ಭಾಗದ ಉರಿಯೂತಕ್ಕೆ, ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಊರಿನ ಹೆಸರೊಂದನ್ನು ಬಿಟ್ಟು ಬೇರೆ ಗುರುತು ಉಳಿಸಿಲ್ಲ. ಉತ್ತರ ಬರೆದವರು ನರರೋಗ ವೈದ್ಯರು ಮತ್ತು ನೆನಪಿನ ಪುನಶ್ಚೇತನದಲ್ಲಿ ಪಳಗಿದ ನ್ಯೂರೋಸೈಕಾಲಜಿಸ್ಟರು.

ಪ್ರಶ್ನೆ: ನಮ್ಮ ತಂದೆಗೆ 63. ರೇಷ್ಮೆ ರೀಲಿಂಗ್ ಘಟಕ ನಡೆಸುತ್ತಾರೆ. ಯುಗಾದಿವರೆಗೂ ಗೂಡಿನ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಈಗ ಬೆಳಿಗ್ಗೆ ತಿಂದದ್ದನ್ನು ಮಧ್ಯಾಹ್ನ ಮರೆಯುತ್ತಾರೆ. ಆರೇ ವಾರದಲ್ಲಿ ಹೀಗಾಯಿತು. ದಿನಕ್ಕೆ ಮೂವತ್ತು ನಲವತ್ತು ಸಲ ಬಲಗೈ ಸೆಟೆದು, ಅದೇ ಕಡೆಯ ಮುಖ ಸೊಟ್ಟಗಾಗಿ, ನೋಡನೋಡುತ್ತಲೇ ಸರಿಹೋಗುತ್ತದೆ. ಕೈಲಿದ್ದ ಟೀ ಲೋಟ ಬಿದ್ದುಹೋಗುತ್ತದೆ. ರಕ್ತದಲ್ಲಿ ಸೋಡಿಯಂ 124 ಬಂತು, ಉಪ್ಪು ಜಾಸ್ತಿ ಕೊಡಿ ಎಂದರು. ಇದು ವಯಸ್ಸಿನ ಮರೆವೇ? — ಶಿಡ್ಲಘಟ್ಟ

ಉತ್ತರ: ಅಲ್ಲ. ವಯಸ್ಸಿನ ಮರೆವಾಗಲಿ ಆಲ್ಝೈಮರ್ ಆಗಲಿ ವರ್ಷಗಟ್ಟಲೆ ತೆವಳಿಕೊಂಡು ಬರುತ್ತದೆ. ವಾರಗಳಲ್ಲಿ ಬಂದ ಮರೆವಿಗೆ ಬೇರೆ ಕಾರಣ ಹುಡುಕಲೇಬೇಕು. ಅದರಲ್ಲೂ ಮರೆವು, ಒಂದೇ ಕಡೆಯ ಕೈ ಮತ್ತು ಮುಖದ ಕ್ಷಣಿಕ ಸೆಳೆತ, ಇಳಿದ ಸೋಡಿಯಂ, ಈ ಮೂರೂ ಒಟ್ಟಿಗೆ ಬಂದಾಗ ಮೊದಲು ಅನುಮಾನಿಸಬೇಕಾದದ್ದು ಎಲ್‌ಜಿಐ-1 ಪ್ರತಿಕಾಯದಿಂದ (ಆ್ಯಂಟಿಬಾಡಿಯಿಂದ) ಬರುವ ಲಿಂಬಿಕ್ ಎನ್ಸೆಫಲೈಟಿಸ್. ಐವತ್ತು ದಾಟಿದವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು.

ಎಲ್‌ಜಿಐ-1 ಎಂಬುದು ನರಕೋಶಗಳ ನಡುವಿನ ಸಂಕೇತಗಳನ್ನು ಹದದಲ್ಲಿಡುವ ಒಂದು ಪ್ರೋಟೀನು. ರೋಗನಿರೋಧಕ ಶಕ್ತಿ ದಾರಿ ತಪ್ಪಿ ಅದರ ಮೇಲೆಯೇ ಪ್ರತಿಕಾಯ ತಯಾರಿಸಿದಾಗ ನರಕೋಶಗಳು ಅತಿಯಾಗಿ ಕೆರಳುತ್ತವೆ. ಪೆಟ್ಟು ಹೆಚ್ಚಾಗಿ ಬೀಳುವುದು ಎರಡೂ ಕಿವಿಗಳ ಬಳಿಯ ಮೆದುಳಿನ ಹಾಲೆಗಳ ಒಳಮಗ್ಗುಲಲ್ಲಿರುವ ಹಿಪ್ಪೊಕ್ಯಾಂಪಸ್‌ಗೆ. ಹೊಸ ಸಂಗತಿಯನ್ನು ಹಿಡಿದು ನೆನಪಾಗಿ ಕೂರಿಸುವುದು ಅದರ ಕೆಲಸ. ಪಕ್ಕದಲ್ಲೇ ಇರುವ, ಬಾದಾಮಿ ಗಾತ್ರದ ಅಮಿಗ್ಡಲ ಭಯ ಮತ್ತು ಸಿಟ್ಟಿನ ಜಾಗ. ಆದ್ದರಿಂದಲೇ ಮರೆವಿನ ಜೊತೆಗೆ ಕಾರಣವಿಲ್ಲದ ಅಂಜಿಕೆ, ಸಿಡುಕು, ನಿದ್ದೆಗೇಡು ಸೇರಿಕೊಳ್ಳುತ್ತವೆ.

ನೀವು ಬರೆದ ಸೆಳೆತಕ್ಕೆ ಹೆಸರೇ ಇದೆ: ಮುಖ ಮತ್ತು ತೋಳಿನ ಡಿಸ್ಟೋನಿಕ್ ಸೆಳೆತ, ಅಂದರೆ ಸ್ನಾಯು ತಾನಾಗಿ ಸೆಟೆದು ತಿರುಚಿಕೊಳ್ಳುವುದು. ಒಂದೊಂದೂ ಮೂರು ಸೆಕೆಂಡಿಗಿಂತ ಕಡಿಮೆ. ದಿನಕ್ಕೆ ಹತ್ತಾರು, ಕೆಲವರಿಗೆ ನೂರಕ್ಕೂ ಹೆಚ್ಚು. ಇವತ್ತು ಬಲಗಡೆ ಬಂದದ್ದು ನಾಳೆ ಎಡಗಡೆ ಬರಬಹುದು. ಕಾಲಿಗೂ ಬಂದರೆ ನಿಂತವರು ಕುಸಿಯುತ್ತಾರೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಬಹಳ ಸಲ ಏನೂ ಕಾಣುವುದಿಲ್ಲ, ಹಾಗಾಗಿ ‘ನರದೌರ್ಬಲ್ಯ’, ‘ಟೆನ್ಷನ್’ ಎಂದು ಚೀಟಿ ಬರೆದು ಕಳಿಸುವುದೂ ಉಂಟು. ವೈದ್ಯರಿಗೆ ಬಾಯಿಮಾತಿಗಿಂತ ವಿಡಿಯೊ ಉಪಯೋಗ. ಮೊಬೈಲನ್ನು ಅಡ್ಡ ಹಿಡಿದು ಮುಖ ಮತ್ತು ಎರಡೂ ಕೈ ಕಾಣುವಂತೆ ಕೂರಿಸಿ, ಬಿಡದೆ ಐದು ಹತ್ತು ನಿಮಿಷ ತೆಗೆಯಿರಿ. ಸೆಳೆತ ಬಂದಾಗ ಹೆಸರು ಕೂಗಿ, ಓಗೊಡುತ್ತಾರೋ ಇಲ್ಲವೋ ಅದೂ ದಾಖಲಾಗಲಿ.

ಇನ್ನು ಉಪ್ಪಿನ ವಿಷಯ. ಇಲ್ಲಿ ಸೋಡಿಯಂ ಇಳಿಯುವುದು ಊಟದಲ್ಲಿ ಉಪ್ಪು ಸಾಲದೆ ಅಲ್ಲ, ದೇಹ ನೀರನ್ನು ಹೊರಬಿಡದೆ ಹಿಡಿದಿಟ್ಟುಕೊಂಡು ರಕ್ತ ತೆಳುವಾಗುವುದರಿಂದ. ಉಪ್ಪು ನೀರು, ಎಳನೀರು ಎಂದು ಕುಡಿಸುತ್ತಾ ಹೋದರೆ ಒಳಗೆ ನೀರು ಹೆಚ್ಚುವ ಭಯವೇ ಜಾಸ್ತಿ. ಸರಿಪಡಿಸುವುದು ಆಸ್ಪತ್ರೆಯಲ್ಲೇ ಆಗಬೇಕು. ದಿನವೊಂದಕ್ಕೆ ಎಂಟರಿಂದ ಹತ್ತು ಅಂಕಕ್ಕಿಂತ ವೇಗವಾಗಿ ಏರಿಸಿದರೆ ಮೆದುಳಿನ ಕಾಂಡಕ್ಕೇ ಪೆಟ್ಟಾಗಬಹುದು. ಫಿಟ್ಸ್‌ಗೆಂದು ಕಾರ್ಬಮಜೆಪಿನ್ ಅಥವಾ ಆಕ್ಸ್‌ಕಾರ್ಬಮಜೆಪಿನ್ ಶುರುಮಾಡಿದ್ದರೆ ವೈದ್ಯರ ಗಮನಕ್ಕೆ ತನ್ನಿ; ಅವೆರಡೂ ಸೋಡಿಯಂ ಅನ್ನು ಇನ್ನಷ್ಟು ಇಳಿಸಬಲ್ಲವು.

ಈ ಸೆಳೆತ ಫಿಟ್ಸ್ ಮಾತ್ರೆಗೆ ಅಷ್ಟಾಗಿ ಬಗ್ಗುವುದಿಲ್ಲ, ಸ್ಟಿರಾಯ್ಡ್‌ಗೆ ಬಗ್ಗುತ್ತದೆ. ಎಷ್ಟೋ ಜನರಲ್ಲಿ ಮರೆವಿಗೆ ಕೆಲವು ವಾರ ಮೊದಲೇ ಸೆಳೆತ ಬರುತ್ತದೆ, ಆ ಹಂತದಲ್ಲೇ ಚಿಕಿತ್ಸೆ ಸಿಕ್ಕವರ ನೆನಪು ಉಳಿಯುವ ಸಾಧ್ಯತೆ ಹೆಚ್ಚು. ನಿಮ್ಮ ತಂದೆಗೆ ಮರೆವು ಆಗಲೇ ಬಂದಿದೆ. ಹಬ್ಬ ಮುಗಿಯಲಿ, ಬೆಳೆ ಮುಗಿಯಲಿ ಎನ್ನದೆ ಈ ವಾರವೇ ನರರೋಗ ವಿಭಾಗವಿರುವ ಆಸ್ಪತ್ರೆಗೆ ಕರೆದೊಯ್ಯಿರಿ. ನಿಮ್ಹಾನ್ಸ್ ನಿಮ್ಮೂರಿನಿಂದ ಎರಡು ಮೂರು ಗಂಟೆಯ ದಾರಿ. ಮೊದಲು ಹತ್ತಿರದಲ್ಲೇ ತೋರಿಸುವುದಾದರೆ, ಕಭಿ ಎಂದು ಕರೆಯುವ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ಕ್ಲಿನಿಕ್ ಚಿಕ್ಕಬಳ್ಳಾಪುರ ಮತ್ತು ಕೋಲಾರದ ಜಿಲ್ಲಾ ಆಸ್ಪತ್ರೆಗಳಲ್ಲಿದೆ. ವಿಡಿಯೊ, ಹಳೆಯ ಸೋಡಿಯಂ ವರದಿಗಳು, ಕೊಟ್ಟ ಮಾತ್ರೆಗಳ ಪಟ್ಟಿ ಜೊತೆಗಿರಲಿ.

ಪ್ರಶ್ನೆ: ಅಣ್ಣನ ಎಂಆರ್‌ಐ ನಾರ್ಮಲ್ ಬಂದಿದೆ. ಆದರೂ ಬೆನ್ನಿನಿಂದ ನೀರು ತೆಗೆಯಬೇಕು ಎನ್ನುತ್ತಾರೆ. ಕಾಲು ಬಿದ್ದುಹೋಗುತ್ತದೆ ಎಂದು ಅತ್ತಿಗೆ ಒಪ್ಪುತ್ತಿಲ್ಲ. ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಒಂದು ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದಿದೆ. — ಮಾಲೂರು

ಉತ್ತರ: ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ, ಮೊದಲ ಅಥವಾ ಎರಡನೇ ಸೊಂಟದ ಮೂಳೆಯ ಮಟ್ಟದಲ್ಲಿ ಮುಗಿದುಹೋಗುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಹುರಿಗೆ ಸೂಜಿ ತಾಕುವುದಿಲ್ಲ, ಕಾಲು ಬೀಳುವುದಿಲ್ಲ. ಎರಡು ಮೂರು ದಿನ ತಲೆನೋವು ಬರಬಹುದು, ಎದ್ದು ಕೂತಾಗ ಹೆಚ್ಚು, ಮಲಗಿದರೆ ಕಡಿಮೆ. ರಕ್ತ ತೆಳುಮಾಡುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿಬಿಡಿ.

ಎಂಆರ್‌ಐ ನಾರ್ಮಲ್ ಎಂದರೆ ಕಾಯಿಲೆ ಇಲ್ಲವೆಂದಲ್ಲ. ಆರಂಭದಲ್ಲಿ ಚಿತ್ರ ಸ್ವಚ್ಛವಾಗಿದ್ದು ಆಮೇಲೆ ಹಿಪ್ಪೊಕ್ಯಾಂಪಸ್ ಬೆಳ್ಳಗೆ ಕಾಣಿಸಿಕೊಳ್ಳುವುದುಂಟು. ಬೆನ್ನಿನ ನೀರಿನಲ್ಲಿ ಮುಖ್ಯವಾಗಿ ಹುಡುಕುವುದು ಸೋಂಕನ್ನು, ಅದರಲ್ಲೂ ಹರ್ಪಿಸ್ ವೈರಸ್ ಮತ್ತು ಕ್ಷಯವನ್ನು. ಸೋಂಕಿದ್ದಾಗ ಅದಕ್ಕೆ ಔಷಧಿ ಕೊಡದೆ ಬರೀ ಸ್ಟಿರಾಯ್ಡ್ ಕೊಟ್ಟರೆ ಅಪಾಯ.

ಯಾವ ಪ್ರತಿಕಾಯ ಪರೀಕ್ಷೆ ಮಾಡಿಸಿದಿರಿ ಎಂಬುದನ್ನು ವರದಿ ತೆರೆದು ನೋಡಿ. ಎಡವಟ್ಟಾಗುವುದು ಇಲ್ಲಿಯೇ. ಹು, ಯೋ, ರಿ, ಎಂಎ-2 ಎಂದು ಬರೆದಿದ್ದರೆ ಅದು ಪ್ಯಾರಾನಿಯೋಪ್ಲಾಸ್ಟಿಕ್ ಪ್ಯಾನೆಲ್, ಕ್ಯಾನ್ಸರ್ ಜೊತೆ ಬರುವ ಬೇರೆ ಗುಂಪು. ಎನ್‌ಎಂಡಿಎ, ಎಲ್‌ಜಿಐ-1, ಕ್ಯಾಸ್ಪರ್-2, ಆ್ಯಂಪಾ, ಗಾಬಾ-ಬಿ ಇರುವುದು ಆಟೊಇಮ್ಯೂನ್ ಎನ್ಸೆಫಲೈಟಿಸ್ ಪ್ಯಾನೆಲ್, ಅಂದರೆ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದು ಬರುವ ಉರಿಯೂತದ ಪರೀಕ್ಷೆ. ಒಂದು ನೆಗೆಟಿವ್ ಬಂದದ್ದು ಇನ್ನೊಂದಕ್ಕೆ ಉತ್ತರವಲ್ಲ. ಲೂಪಸ್‌ನಂಥ ಕಾಯಿಲೆಗೆ ಮಾಡಿಸುವ ಎಎನ್‌ಎ ಪರೀಕ್ಷೆಯಂತೂ ಇವೆರಡೂ ಅಲ್ಲ. ಮಾದರಿಯನ್ನು ರಕ್ತ ಮತ್ತು ಬೆನ್ನಿನ ನೀರು ಎರಡರಿಂದಲೂ ಕಳಿಸಬೇಕು: ಎಲ್‌ಜಿಐ-1 ರಕ್ತದಲ್ಲಿ ಚೆನ್ನಾಗಿ ಸಿಗುತ್ತದೆ, ಎನ್‌ಎಂಡಿಎ ಬೆನ್ನಿನ ನೀರಿನಲ್ಲಿ. ಚಿಕಿತ್ಸೆಗೆಂದು ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ) ಏರಿಸುವ ಮೊದಲೇ ರಕ್ತ ತೆಗೆದಿಡಬೇಕು. ಆಮೇಲೆ ತೆಗೆದರೆ ದಾನಿಗಳ ಪ್ರತಿಕಾಯ ಬೆರೆತು ಫಲಿತಾಂಶ ಕದಡುತ್ತದೆ.

ವರದಿ ಬರಲು ದಿನಗಳು ಹಿಡಿಯುತ್ತವೆ. ಲಕ್ಷಣ, ಸ್ಕ್ಯಾನ್, ಬೆನ್ನಿನ ನೀರು, ಇಇಜಿ ನೋಡಿ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು, ಪ್ರತಿಕಾಯದ ವರದಿಗೆ ಕಾಯದೆ ಚಿಕಿತ್ಸೆ ಶುರುಮಾಡಬಹುದು ಎಂದು ಅಂತರರಾಷ್ಟ್ರೀಯ ತಜ್ಞರ ಗುಂಪು 2016ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಪ್ರಶ್ನೆ: ನನ್ನ ನಾದಿನಿಗೆ 21. ಹತ್ತು ದಿನದಿಂದ ನಿದ್ದೆಯಿಲ್ಲ, ಒಬ್ಬಳೇ ಮಾತಾಡುತ್ತಾಳೆ, ಯಾರೋ ಕೊಲ್ಲಲು ಬರುತ್ತಾರೆ ಎನ್ನುತ್ತಾಳೆ. ಎರಡು ದಿನದಿಂದ ಮಾತು ನಿಂತು ಬಾಯಿ ಚಪ್ಪರಿಸುತ್ತಿದ್ದಾಳೆ. ಗಾಳಿ ಸೋಕಿದೆ ಎಂದು ಮನೆಯವರು ತಾಯಿತ ಕಟ್ಟಿಸಿದ್ದಾರೆ. — ಮಧುಗಿರಿ

ಉತ್ತರ: ತಾಯಿತ ಕೊರಳಲ್ಲೇ ಇರಲಿ, ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ. ಹುಡುಗಿಯನ್ನು ಮಾತ್ರ ಇವತ್ತೇ ಆಸ್ಪತ್ರೆಗೆ ಸೇರಿಸಿ. ಎಳೆ ವಯಸ್ಸಿನಲ್ಲಿ ದಿನಗಳೊಳಗೆ ಬುದ್ಧಿ ಬದಲಾಗಿ, ಮಾತು ನಿಂತು, ಬಾಯಿ ಅಥವಾ ಕೈ ತಾನಾಗಿ ಆಡತೊಡಗಿದರೆ ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್, ಅಂದರೆ ಆ ಹೆಸರಿನ ನರಕೋಶದ ಪ್ರೋಟೀನಿನ ಮೇಲೆ ಪ್ರತಿಕಾಯ ಬಿದ್ದು ಬರುವ ಉರಿಯೂತ, ಇರಬಹುದು. ಇದನ್ನು ಗುರುತಿಸಿದ್ದು 2007ರಲ್ಲಿ. ಅದಕ್ಕೂ ಮುಂಚೆ ಇಂಥವರಲ್ಲಿ ಎಷ್ಟೋ ಜನ ಹುಚ್ಚಿನ ಹಣೆಪಟ್ಟಿ ಹೊತ್ತೇ ಉಳಿದರು. ಲಿಂಬಿಕ್ ಭಾಗವನ್ನೂ ಮೀರಿ ಹರಡುವ ಕಾಯಿಲೆ ಇದು. ಮುಂದೆ ಉಸಿರಾಟ, ರಕ್ತದೊತ್ತಡ, ಎದೆಬಡಿತ ಏರುಪೇರಾಗಿ ಐಸಿಯು ಬೇಕಾಗಬಹುದು, ಆದ್ದರಿಂದ ಐಸಿಯು ಇರುವ ಕಡೆಗೇ ಹೋಗಿ. ಮನೋರೋಗದ ಮಾತ್ರೆ ಕೊಟ್ಟ ಮೇಲೆ ಮೈ ಮರದಂತೆ ಸೆಟೆದು ಜ್ವರ ಬಂದರೆ ತಕ್ಷಣ ವೈದ್ಯರಿಗೆ ತಿಳಿಸಿ; ಈ ಕಾಯಿಲೆಯವರಿಗೆ ಆ ಮಾತ್ರೆಗಳು ಸುಲಭದಲ್ಲಿ ಒಗ್ಗುವುದಿಲ್ಲ.

ಹೆಣ್ಣುಮಕ್ಕಳಲ್ಲಿ ಅಂಡಾಶಯದ ಟೆರಟೋಮ ಎಂಬ ಗಡ್ಡೆ ಇದಕ್ಕೆ ಮೂಲವಾಗಿರಬಹುದು, ಆದ್ದರಿಂದ ಹೊಟ್ಟೆಯ ಸ್ಕ್ಯಾನ್ ಆಗಲೇಬೇಕು. ಗಡ್ಡೆ ಇದ್ದರೆ ತೆಗೆಸುವುದೂ ಚಿಕಿತ್ಸೆಯ ಭಾಗ. ಮದುವೆಯಾಗದ ಹುಡುಗಿ ಎಂದು ಹಿಂಜರಿಯಬೇಡಿ. ಗುಣವಾಗುವುದು ನಿಧಾನ, ತಿಂಗಳುಗಟ್ಟಲೆ. ಆದರೆ ಚಿಕಿತ್ಸೆ ಪಡೆದವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ಎರಡು ವರ್ಷದ ಹೊತ್ತಿಗೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಮಟ್ಟಕ್ಕೆ ಬರುತ್ತಾರೆ.

ಪ್ರಶ್ನೆ: ಇದು ಅಂಟುರೋಗವೇ? ಮಕ್ಕಳಿಗೆ ಬರುತ್ತದೆಯೇ? — ಗುಡಿಬಂಡೆ

ಉತ್ತರ: ಪ್ರತಿಕಾಯದಿಂದ ಬರುವುದು ಅಂಟುವುದಿಲ್ಲ, ತಂದೆಯಿಂದ ಮಗನಿಗೆ ನೇರವಾಗಿ ಇಳಿಯುವುದೂ ಇಲ್ಲ. ಒಂದೇ ತಟ್ಟೆಯಲ್ಲಿ ಉಣ್ಣಬಹುದು.

ಪ್ರಶ್ನೆ: ನಮ್ಮ ಕಡೆ ಮೆದುಳು ಜ್ವರ ಎಂದರೆ ಸೊಳ್ಳೆಯಿಂದ ಬರುವುದು. ತಮ್ಮನಿಗೆ ಬಂದದ್ದು ಹರ್ಪಿಸ್ ಎಂದರು. ಮೂರು ವಾರ ಇಂಜೆಕ್ಷನ್ ಆಗಿ ಚೆನ್ನಾಗಿದ್ದ. ತಿಂಗಳ ಮೇಲೆ ಮತ್ತೆ ಕೂಗಾಟ, ಹೊಡೆದಾಟ. ಔಷಧಿ ಕೆಲಸ ಮಾಡಲಿಲ್ಲವೇ? — ಬಂಗಾರಪೇಟೆ

ಉತ್ತರ: ಸೊಳ್ಳೆಯ ಮೂಲಕ ಬರುವ ಜಪಾನೀಸ್ ಎನ್ಸೆಫಲೈಟಿಸ್ ಕೋಲಾರ ಸೀಮೆಗೆ ಹಳೆಯ ಪರಿಚಯ. ಅದು ಹೆಚ್ಚಾಗಿ ಮೆದುಳಿನ ಆಳದ ಥಲಾಮಸ್ ಭಾಗವನ್ನು ಹಿಡಿಯುತ್ತದೆ. ಹರ್ಪಿಸ್ ಹಿಡಿಯುವುದು ಕಿವಿಗಳ ಬಳಿಯ ಮೆದುಳಿನ ಹಾಲೆಗಳ ಒಳಮಗ್ಗುಲನ್ನೇ, ಅಂದರೆ ನಾವು ಹೇಳುತ್ತಿರುವ ಲಿಂಬಿಕ್ ಭಾಗವನ್ನು. ಅದಕ್ಕೆ ಔಷಧಿ ಅಸೈಕ್ಲೋವಿರ್, ಕಿಲೋ ತೂಕಕ್ಕೆ 10 ಮಿಲಿಗ್ರಾಂ, ಎಂಟು ಗಂಟೆಗೊಮ್ಮೆ ರಕ್ತನಾಳದಲ್ಲಿ, 14ರಿಂದ 21 ದಿನ. ನಿಮ್ಮ ತಮ್ಮನಿಗೆ ಅದು ಪೂರ್ತಿ ಆಗಿದೆ.

ಹರ್ಪಿಸ್ ವಾಸಿಯಾದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂರು ತಿಂಗಳೊಳಗೆ ಎರಡನೇ ಹೊಡೆತ ಬರುತ್ತದೆ. ಆಗ ವೈರಸ್ ಮರಳಿ ಬಂದಿರುವುದೇ ಅಪರೂಪ. ವೈರಸ್ ಮಾಡಿದ ಗಾಯ ನೋಡಿ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಿರುತ್ತದೆ, ಬಹಳ ಸಲ ಎನ್‌ಎಂಡಿಎ ಪ್ರತಿಕಾಯದೊಂದಿಗೆ. ಬೆನ್ನಿನ ನೀರನ್ನು ಮತ್ತೆ ತೆಗೆದು ವೈರಸ್ ಮತ್ತು ಪ್ರತಿಕಾಯ ಎರಡನ್ನೂ ನೋಡಬೇಕು. ಹಳೆಯ ಡಿಸ್ಚಾರ್ಜ್ ಚೀಟಿ ಹಿಡಿದು ಅದೇ ಆಸ್ಪತ್ರೆಗೆ ಹೋಗಿ. ‘ಕಾಯಿಲೆಯ ನಂತರದ ಹಟ’ ಎಂದು ಮನೆಯಲ್ಲೇ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಅಮ್ಮನಿಗೆ ಐದು ದಿನ ಸ್ಟಿರಾಯ್ಡ್ ಏರಿಸಿ, ಈಗ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟಿದ್ದಾರೆ. ಶುಗರ್ ಖಾಲಿ ಹೊಟ್ಟೆಯಲ್ಲಿ 105, ಸಂಜೆ 310. ಯಂತ್ರ ಕೆಟ್ಟಿದೆಯೇ? ಮಾತ್ರೆ ನಿಲ್ಲಿಸಿ ನಾಟಿ ಔಷಧಿ ಕೊಡಿ ಎನ್ನುತ್ತಾರೆ ನೆಂಟರು. — ಶ್ರೀನಿವಾಸಪುರ

ಉತ್ತರ: ಯಂತ್ರ ಸರಿಯಾಗಿದೆ. ಬೆಳಿಗ್ಗೆ ತಿಂಡಿಯ ನಂತರ ನುಂಗಿದ ಪ್ರೆಡ್ನಿಸೊಲೋನ್ ಸಕ್ಕರೆಯನ್ನು ಮಧ್ಯಾಹ್ನದಿಂದ ರಾತ್ರಿಯವರೆಗೆ ಏರಿಸುತ್ತದೆ, ಬೆಳಗಾಗುವಷ್ಟರಲ್ಲಿ ಮಾತ್ರೆಯ ಪ್ರಭಾವ ಕುಗ್ಗಿ ಸಕ್ಕರೆ ಇಳಿಯುತ್ತದೆ. ಆದ್ದರಿಂದ ಸ್ಟಿರಾಯ್ಡ್ ನುಂಗುವವರು ಬರೀ ಖಾಲಿ ಹೊಟ್ಟೆಯ ಶುಗರ್ ನೋಡಿ ಸಮಾಧಾನಪಟ್ಟರೆ ಮೋಸಹೋಗುತ್ತಾರೆ. ಮಧ್ಯಾಹ್ನದ ಊಟವಾದ ಎರಡು ಗಂಟೆಗೆ ಮತ್ತು ರಾತ್ರಿ ಊಟಕ್ಕೆ ಮುಂಚೆ ನೋಡಿ, ದಿನಾಂಕ ಹಾಕಿ ಬರೆದಿಡಿ. 310 ಇದ್ದರೆ ಈ ವಾರವೇ ವೈದ್ಯರಿಗೆ ತೋರಿಸಿ. ಸ್ಟಿರಾಯ್ಡ್ ಇಳಿಯುವವರೆಗೆ ಬೆಳಿಗ್ಗೆ ಇನ್ಸುಲಿನ್ ಬೇಕಾಗಬಹುದು. ಮಾವಿನ ಕಾಲದಲ್ಲಿ ನಿಮ್ಮೂರಿನಲ್ಲಿ ಹಣ್ಣು ಬೇಡ ಎನ್ನುವುದು ಕಷ್ಟ, ಆದರೆ ಮಧ್ಯಾಹ್ನದ ಮುದ್ದೆ ಒಂದಕ್ಕೇ ನಿಲ್ಲಲಿ, ಹಣ್ಣು ಸಂಜೆಗೆ ಬೇಡ.

ಮಾತ್ರೆಯನ್ನು ಮಾತ್ರ ಒಂದು ದಿನವೂ ತಾವಾಗಿ ನಿಲ್ಲಿಸಬಾರದು. ವಾರಗಟ್ಟಲೆ ಹೊರಗಿನಿಂದ ಸ್ಟಿರಾಯ್ಡ್ ಬಂದಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿ ತನ್ನ ಉತ್ಪಾದನೆ ನಿಲ್ಲಿಸಿರುತ್ತದೆ. ಥಟ್ಟನೆ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು. ಕಾಯಿಲೆ ಮರುಕಳಿಸುವ ಭಯ ಬೇರೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಅದೇ ದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ರೂಪದಲ್ಲಿ ಕೊಡಿಸಿ. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ ಕಂಡರೆ ಕಫ ಪರೀಕ್ಷೆ ಮಾಡಿಸಿ. ಒಳಗೆ ಮಲಗಿದ್ದ ಕ್ಷಯವನ್ನು ಸ್ಟಿರಾಯ್ಡ್ ಎಬ್ಬಿಸುತ್ತದೆ. ಮೂಳೆಗೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಬರೆದುಕೊಟ್ಟಿದ್ದಾರೆಯೇ, ಚೀಟಿ ನೋಡಿ. ಮುಂದೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ರಿಟುಕ್ಸಿಮ್ಯಾಬ್ ಕೊಡುವ ಮಾತು ಬಂದರೆ ಮೊದಲು ಹೆಪಟೈಟಿಸ್-ಬಿ ಪರೀಕ್ಷೆ ಆಗಿರಬೇಕು. ನಾಟಿ ಔಷಧಿಯಲ್ಲಿ ಏನಿದೆ ಎಂದು ಕೊಟ್ಟವರು ಹೇಳುವುದಿಲ್ಲ, ಅದು ಬೇಡ.

ಪ್ರಶ್ನೆ: ನನ್ನ ಯಜಮಾನರಿಗೆ 55. ಚಿಕಿತ್ಸೆಯಾಗಿ ಎಂಟು ತಿಂಗಳು. ಫಿಟ್ಸ್ ನಿಂತಿದೆ. ಆದರೆ ಒಂದೇ ಮಾತು ಇಪ್ಪತ್ತು ಸಲ ಕೇಳುತ್ತಾರೆ. ಟೊಮೆಟೊ ಮಾರಿದ ದುಡ್ಡು ನಾನು ಕದ್ದೆ ಎನ್ನುತ್ತಾರೆ. ಮಂಡಿಗೇ ಹೋಗದ ದಿನ ಮಂಡಿಯಲ್ಲಿ ಯಾರೊಡನೆ ಏನು ಮಾತಾಡಿದೆ ಎಂದು ವಿವರವಾಗಿ ಹೇಳುತ್ತಾರೆ. ಮಿಕ್ಕ ಹೊತ್ತು ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಾರೆ. ಟೊಮೆಟೊ ಗಿಡಕ್ಕೆ ಕಡ್ಡಿ ಕಟ್ಟಲು ಕೂತರೆ ಮಾತ್ರ ಮೊದಲಿನಷ್ಟೇ ಚುರುಕು. ಇದೇನು ನಾಟಕವೇ? — ಚಿಂತಾಮಣಿ

ಉತ್ತರ: ನಾಟಕವಲ್ಲ ತಾಯಿ. ನೀವು ಬರೆದ ನಾಲ್ಕೂ ಒಂದೇ ಗಾಯದಿಂದ ಬಂದವು.

ಕಡ್ಡಿ ಕಟ್ಟುವುದು ಕೈಯ ನೆನಪು. ಅದಕ್ಕೆ ಹಿಪ್ಪೊಕ್ಯಾಂಪಸ್ ಬೇಕಿಲ್ಲ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬುವರಿಗೆ ಫಿಟ್ಸ್ ನಿಲ್ಲಿಸಲು ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ದೊಡ್ಡದೊಂದು ಭಾಗ ತೆಗೆದುಹಾಕಿದರು. ಆಮೇಲೆ ಅವರಿಗೆ ಹೊಸ ಮುಖ, ಹೊಸ ದಿನ ಯಾವುದೂ ನೆನಪಿಗೆ ಕೂರಲಿಲ್ಲ. ಆದರೆ ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವುದನ್ನು ದಿನದಿನಕ್ಕೆ ಚೆನ್ನಾಗಿ ಕಲಿತರು, ತಾವು ಅದನ್ನು ಹಿಂದೆ ಮಾಡಿದ್ದೇವೆಂಬ ಅರಿವೇ ಇಲ್ಲದೆ. ನಿಮ್ಮ ಯಜಮಾನರಲ್ಲೂ ಕೈಯ ನೆನಪು ಗಟ್ಟಿಯಿದೆ, ದಿನದ ನೆನಪು ಸೋರುತ್ತಿದೆ. ಇಪ್ಪತ್ತನೇ ಸಲ ಕೇಳುವಾಗ ಅವರ ಪಾಲಿಗೆ ಅದು ಮೊದಲನೇ ಸಲ.

ಮಂಡಿಯ ಕತೆ ಸುಳ್ಳಲ್ಲ. ನೆನಪಿನ ಖಾಲಿ ಜಾಗವನ್ನು ಮೆದುಳು ಹಳೆಯ ಚೂರುಗಳಿಂದ ತಾನಾಗಿ ತುಂಬಿಕೊಳ್ಳುತ್ತದೆ. ಹೇಳುವವರಿಗೆ ಅದು ನಿಜವೇ. ‘ನೀವು ಹೋಗೇ ಇಲ್ಲ’ ಎಂದು ಸಾಕ್ಷಿ ಕರೆದು ವಾದಿಸಿದರೆ ಮಾತು ಮರೆತುಹೋಗುತ್ತದೆ, ಅವಮಾನ ಮಾತ್ರ ಉಳಿಯುತ್ತದೆ. ಹೌದೆಂದೂ ಅನ್ನಬೇಡಿ. ‘ನಾಳೆ ಪುಸ್ತಕ ನೋಡೋಣ’ ಎಂದು ಬೇರೆ ಕೆಲಸಕ್ಕೆ ತಿರುಗಿಸಿ. ಕಳ್ಳತನದ ಆರೋಪವೂ ಇಂಥದ್ದೇ: ಇಟ್ಟ ಜಾಗ ನೆನಪಿಲ್ಲ, ದುಡ್ಡು ಕಾಣುತ್ತಿಲ್ಲ, ಎದುರಿಗಿರುವವರು ನೀವು. ಮಾರಾಟದ ಚೀಟಿ ಬಂದ ದಿನವೇ ಅವರಿಂದಲೇ ಪುಸ್ತಕಕ್ಕೆ ಬರೆಸಿ ಸಹಿ ಹಾಕಿಸಿ. ತಮ್ಮ ಕೈಬರಹವನ್ನು ಅವರು ನಂಬುತ್ತಾರೆ, ನಿಮ್ಮ ಬಾಯಿಮಾತನ್ನಲ್ಲ. ಕೈಯಲ್ಲಿ ಆ ದಿನಕ್ಕೆ ಬೇಕಾದಷ್ಟೇ ಹಣವಿರಲಿ, ಮೊಬೈಲ್ ಪಾವತಿಗೆ ದಿನದ ಮಿತಿ ಹಾಕಿಸಿ, ಜಮೀನಿನ ಕಾಗದಕ್ಕೆ ಒಬ್ಬರೇ ಸಹಿ ಹಾಕುವ ಪರಿಸ್ಥಿತಿ ಬರದಂತೆ ನೋಡಿಕೊಳ್ಳಿ.

ಆ ಪುಸ್ತಕ ಒಂದೇ ಇರಬೇಕು. ಎರಡಾದರೆ ಎರಡೂ ಕಳೆಯುತ್ತವೆ. ದಾರ ಕಟ್ಟಿ ಗೋಡೆಯ ಒಂದೇ ಮೊಳೆಗೆ ನೇತುಹಾಕಿ. ಎಡಪುಟದಲ್ಲಿ ಇವತ್ತು ಮಾಡಬೇಕಾದ್ದು, ಬಲಪುಟದಲ್ಲಿ ಆದದ್ದು, ಪಕ್ಕದಲ್ಲಿ ಗಂಟೆ. ಮೊದಲ ತಿಂಗಳು ಪುಸ್ತಕ ನೋಡುವುದೇ ನೆನಪಾಗುವುದಿಲ್ಲ, ಬಹಳ ಮನೆಯವರು ಕೈಬಿಡುವುದು ಅಲ್ಲೇ. ಮೊಬೈಲಿನಲ್ಲಿ ದಿನಕ್ಕೆ ನಾಲ್ಕು ಅಲಾರಂ ಇಡಿ; ಅಲಾರಂ ಕೂಗಿದಾಗಲೆಲ್ಲ ಮಾತಾಡದೆ ಪುಸ್ತಕದತ್ತ ಕೈ ತೋರಿಸಿ. ಅದು ಕಡ್ಡಿ ಕಟ್ಟುವಂತೆ ಕೈಯ ಅಭ್ಯಾಸವಾಗಬೇಕು. ಮಾತ್ರೆಗೆ ಏಳು ದಿನ, ದಿನಕ್ಕೆ ಎರಡು ಹೊತ್ತಿನ ಖಾನೆಯ ಡಬ್ಬಿ ತನ್ನಿ. ಮರೆತು ಎರಡು ಸಲ ನುಂಗುವುದು ಹೀಗೆ ತಪ್ಪುತ್ತದೆ.

ಹೊಸದೇನಾದರೂ ಕಲಿಸಬೇಕಿದ್ದರೆ ‘ನೆನಪು ಮಾಡ್ಕೊಳ್ಳಿ ನೋಡೋಣ’ ಎಂದು ಪರೀಕ್ಷೆ ಮಾಡಬೇಡಿ. ಊಹಿಸಿ ಹೇಳಿದ ತಪ್ಪು ಉತ್ತರವೇ ಇಂಥವರಲ್ಲಿ ಅಂಟಿಕೊಂಡುಬಿಡುತ್ತದೆ. ಮೊದಲು ನೀವೇ ಉತ್ತರ ಹೇಳಿ: ‘ಬೀಗದ ಕೈ ದೇವರ ಗೂಡಲ್ಲಿದೆ.’ ಅರ್ಧ ನಿಮಿಷ ಬಿಟ್ಟು ಕೇಳಿ. ಸರಿ ಹೇಳಿದರೆ ಒಂದು ನಿಮಿಷ, ಆಮೇಲೆ ಎರಡು, ನಾಲ್ಕು, ಎಂಟು. ತಪ್ಪಿದರೆ ಕೂಡಲೇ ಸರಿಯುತ್ತರ ಹೇಳಿ, ಅವರ ಬಾಯಲ್ಲೂ ಹೇಳಿಸಿ, ಹಿಂದೆ ಗೆದ್ದ ಅಂತರಕ್ಕೆ ಮರಳಿ. ಒಂದು ವಾರಕ್ಕೆ ಒಂದೇ ಸಂಗತಿ ಸಾಕು.

ಜಗಲಿಯ ಮೇಲೆ ಕೂರುವುದು ಸೋಮಾರಿತನವಲ್ಲ. ಕೆಲಸಕ್ಕೆ ತಾನಾಗಿ ಎದ್ದು ಹೊರಡುವ ಚಾಲನೆಯೇ ಕುಂದಿರುತ್ತದೆ. ‘ಏನು ಮಾಡ್ತೀರಿ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಕೈಗೆ ದಾರದ ಉಂಡೆ ಕೊಟ್ಟು ಸಾಲಿನ ಬಳಿ ನಿಲ್ಲಿಸಿದರೆ ಕೆಲಸ ಶುರುವಾಗುತ್ತದೆ.

ಸಿಡುಕು ಇತ್ತೀಚೆಗೆ ಏರಿದ್ದರೆ ಮಾತ್ರೆಯ ಚೀಟಿ ನೋಡಿ. ಫಿಟ್ಸ್‌ಗೆ ಕೊಡುವ ಲೆವೆಟಿರಾಸೆಟಮ್ ಕೆಲವರಲ್ಲಿ ವಿಪರೀತ ಸಿಟ್ಟು ತರುತ್ತದೆ, ಬದಲಿ ಔಷಧಿ ಇದೆ. ಸ್ಟಿರಾಯ್ಡ್ ಕೂಡ ನಿದ್ದೆಗೆಡಿಸಿ ಕೆರಳಿಸುತ್ತದೆ. ಎರಡರಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸದೆ ವೈದ್ಯರನ್ನು ಕೇಳಿ. ನೆನಪು ಎರಡು ವರ್ಷದವರೆಗೂ ಸುಧಾರಿಸಬಹುದು. ಕಾಯಿಲೆಯಲ್ಲಿದ್ದ ಆ ವಾರಗಳ ನೆನಪು ಮಾತ್ರ ಸಾಮಾನ್ಯವಾಗಿ ಮರಳುವುದಿಲ್ಲ, ಅದನ್ನು ನೆನಪಿಸಲು ಹೆಣಗಬೇಡಿ. ನಿಮಗೇ ತಡೆಯಲಾಗದಂತಾದಾಗ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ಹುಷಾರಾದ ಮೇಲೆ ಬೈಕ್ ಓಡಿಸಬಹುದೇ? ತೆಂಗಿನ ಮರ ಹತ್ತಬಹುದೇ? ಕಾಯಿಲೆ ಮತ್ತೆ ಬಂದರೆ ಗೊತ್ತಾಗುವುದು ಹೇಗೆ? — ಗುಬ್ಬಿ

ಉತ್ತರ: ಫಿಟ್ಸ್ ಬಂದವರು ನರರೋಗ ವೈದ್ಯರು ಬರೆದುಕೊಡುವವರೆಗೆ ಬೈಕ್, ಟ್ರ್ಯಾಕ್ಟರ್, ಮರ ಹತ್ತುವುದು, ಕೆರೆ ಬಾವಿಯಲ್ಲಿ ಒಬ್ಬರೇ ಈಜುವುದು ಬಿಡಬೇಕು. ಫಿಟ್ಸ್ ನಿಂತಿದ್ದರೂ ದಾರಿ ಮರೆಯುವವರನ್ನು ಒಬ್ಬರೇ ಕಳಿಸಬೇಡಿ. ಮತ್ತೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ, ಬಾಯಿಗೆ ನೀರು ಎರಡೂ ಬೇಡ. ಐದು ನಿಮಿಷ ಮೀರಿದರೆ 108.

ಮರುಕಳಿಸುವುದನ್ನು ಹಿಡಿಯಲು ಡಿಸ್ಚಾರ್ಜ್ ಆಗಿ ಒಂದು ತಿಂಗಳಿಗೆ ಅವರು ಹೇಗಿದ್ದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ: ಗಂಟೆಗೆ ಎಷ್ಟು ಸಲ ಒಂದೇ ಪ್ರಶ್ನೆ ಕೇಳುತ್ತಾರೆ, ರಾತ್ರಿ ಎಷ್ಟು ಹೊತ್ತು ನಿದ್ದೆ, ಸೋಡಿಯಂ ಎಷ್ಟು, ಸೆಳೆತ ಇದೆಯೋ ಇಲ್ಲವೋ. ಸ್ಟಿರಾಯ್ಡ್ ಇಳಿಸುವ ಪ್ರತಿ ಹಂತದಲ್ಲಿ ಅದಕ್ಕೆ ಹೋಲಿಸಿ ನೋಡಿ. ಕೈ ಮುಖದ ಸೆಳೆತ ಒಂದೇ ಒಂದು ಸಲ ಮರಳಿದರೂ, ನಿದ್ದೆ ಮೂರು ರಾತ್ರಿ ಸತತ ಕೆಟ್ಟರೂ, ಸೋಡಿಯಂ 135ಕ್ಕಿಂತ ಇಳಿದರೂ ಮುಂದಿನ ತಾರೀಕಿಗೆ ಕಾಯದೆ ಆ ಹಾಳೆ ಹಿಡಿದು ಹೋಗಿ.